ಕ್ಲೋರಿನ್ ಹಾಕಿದ ಕೂಡಲೇ ಹೊಸ ಈಜುಕೊಳದ ನೀರು ಕಂದಾಯಿತು, ಖಾಲಿ ಮಾಡಬೇಕೇ?

ಬೇಡ, ಅದರಲ್ಲೂ ಮಳೆಗಾಲದಲ್ಲಿ ಖಂಡಿತ ಬೇಡ. ವಿರಾಜಪೇಟೆ ಕಡೆ ಜೂನ್-ಜುಲೈನಲ್ಲಿ ನೆಲದೊಳಗಿನ ನೀರು ಮೇಲಕ್ಕೆ ಬಂದಿರುತ್ತದೆ. ಖಾಲಿ ತೊಟ್ಟಿಯನ್ನು ಅದು ಕೆಳಗಿನಿಂದ ಒತ್ತಿ ಎತ್ತುತ್ತದೆ, ತಳ ಬಿರುಕು ಬಿಡುತ್ತದೆ, ಟೈಲ್ಸ್ ಏಳುತ್ತವೆ.

ಕಂದು ಬಣ್ಣಕ್ಕೆ ಕಾರಣ ಬೋರ್‌ವೆಲ್ ನೀರಿನ ಕಬ್ಬಿಣ. ಕರಗಿದ್ದಾಗ ಕಾಣದ ಅದು ಕ್ಲೋರಿನ್ ತಾಗಿದೊಡನೆ ತುಕ್ಕಿನ ಕಣವಾಗುತ್ತದೆ. ಮೊದಲು ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 7.2ರಿಂದ 7.6ರೊಳಗೆ ತನ್ನಿ. 50,000 ಲೀಟರ್‌ಗೆ ಸುಮಾರು 2 ಕೆ.ಜಿ. ಪಟಿಕವನ್ನು ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಸುರಿಯಿರಿ. ಫಿಲ್ಟರ್‌ನ ವಾಲ್ವ್ ಅನ್ನು 'ರೀಸರ್ಕ್ಯುಲೇಟ್'ನಲ್ಲಿಟ್ಟು (ನೀರು ಮರಳು ದಾಟದೆ ಕೊಳಕ್ಕೇ ಮರಳುತ್ತದೆ) ಎರಡು ಗಂಟೆ ಪಂಪ್ ಓಡಿಸಿ, ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ವಾಲ್ವ್ ಅನ್ನು 'ವೇಸ್ಟ್'ನಲ್ಲಿಟ್ಟು (ನೀರು ನೇರ ಹೊರಹೋಗುತ್ತದೆ) ತಳದ ಕೆಸರನ್ನು ನಿಧಾನವಾಗಿ ವ್ಯಾಕ್ಯೂಮ್ ಮಾಡಿ. ಅವಸರ ಮಾಡಿದರೆ ಎಲ್ಲವೂ ಮತ್ತೆ ಕದಡುತ್ತದೆ. 'ಫಿಲ್ಟರ್'ನಲ್ಲಿಟ್ಟರೆ ಫಿಲ್ಟರ್‌ನೊಳಗಿನ ಮರಳು ಕಟ್ಟಿಕೊಳ್ಳುತ್ತದೆ. ಹೊರಬಂದ ಕೆಸರು ನೀರನ್ನು ತೋಡಿಗೆ ಬಿಡಬೇಡಿ.

ಪಟಿಕ ಪಿಎಚ್ ಇಳಿಸುತ್ತದೆ, ಹೊಸ ಸಿಮೆಂಟ್ ಏರಿಸುತ್ತದೆ. ಹಾಗಾಗಿ ಮೊದಲ ತಿಂಗಳು ದಿನವೂ ಪರೀಕ್ಷಿಸಿ. ನೀರು ತಿಳಿಯಾದ ನಂತರ 65% ಕ್ಲೋರಿನ್ ಪುಡಿ 150 ಗ್ರಾಂ ಹಾಕಿದರೆ 50,000 ಲೀಟರ್‌ಗೆ ಸುಮಾರು 2 ಪಿಪಿಎಂ (ಲೀಟರ್‌ಗೆ 2 ಮಿ.ಗ್ರಾಂ) ಕ್ಲೋರಿನ್ ಸಿಗುತ್ತದೆ. ಫಿಲ್ಟರ್ ಒತ್ತಡ ಶುರುವಿನದಕ್ಕಿಂತ 8-10 ಪಿಎಸ್‌ಐ (ಒತ್ತಡದ ಅಳತೆ) ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಿರಿ.

ಮುಂದೆ ಬೋರ್‌ವೆಲ್ ನೀರನ್ನು ಐರನ್ ಫಿಲ್ಟರ್ ದಾಟಿಸಿಯೇ ತುಂಬಿಸಿ.