ಓದುಗರ ಪ್ರಶ್ನೆಗೆ ಉತ್ತರ: ಕಾರ್ಖಾನೆಯಲ್ಲೇ ಸುತ್ತಿ ತಂದ ಶಟರ್ ಕೂರಿಸುವ ಬಗೆ

ಪ್ರಶ್ನೆ: ಮಾನ್ಯರೇ, ನಮ್ಮ ತೋಟದಲ್ಲಿ ಒಣದ್ರಾಕ್ಷಿ ಇಡಲು ಶೆಡ್ ಕಟ್ಟಿಸುತ್ತಿದ್ದೇವೆ. ಅದರ ಬಾಗಿಲಿಗೆ 10 ಅಡಿ ಅಗಲ, 9 ಅಡಿ ಎತ್ತರದ ರೋಲಿಂಗ್ ಶಟರ್ ಬೇಕಾಗಿದೆ. ಪಟ್ಟಿ, ಪೈಪ್, ಸ್ಪ್ರಿಂಗ್‌ಗಳನ್ನು ಬಿಡಿಯಾಗಿ ತಂದು ಸ್ಥಳದಲ್ಲಿ ಜೋಡಿಸುವ ಬದಲು, ಎಲ್ಲವನ್ನೂ ಕೂಡಿಸಿ, ಸುತ್ತಿ, ಸ್ಪ್ರಿಂಗ್ ಬಿಗಿದು ತಂದ ಶಟರ್ ಹಾಕಿಸಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ ಎಂದು ಫ್ಯಾಬ್ರಿಕೇಶನ್‌ನವರು ಹೇಳುತ್ತಾರೆ. ನಮ್ಮ ಗೌಂಡಿಯವರು ಇದನ್ನು ಒಪ್ಪುತ್ತಿಲ್ಲ. ನಾವು ಮೊದಲೇ ಏನೇನು ಸಿದ್ಧ ಮಾಡಿಕೊಳ್ಳಬೇಕು?
— ಓದುಗರೊಬ್ಬರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಅರ್ಧ ದಿನದ ಮಾತು ಸುಳ್ಳಲ್ಲ. ಆದರೆ ಶಟರ್ ಬಂದು ಇಳಿಯುವ ಮೊದಲೇ ಗೋಡೆಯ ಕೆಲಸ ಪೂರ್ಣವಾಗಿರಬೇಕು. ಬಿಡಿಯಾಗಿ ಜೋಡಿಸುವಾಗ ಕೆಲಸಗಾರರು ಗೋಡೆಯ ಅಂಕುಡೊಂಕನ್ನು ನೋಡಿಕೊಂಡು ಅಲ್ಲಲ್ಲಿ ಪಟ್ಟಿ ಕತ್ತರಿಸಿ, ಪೈಪ್ ಸರಿಸಿ ಹೇಗೋ ಹೊಂದಿಸುತ್ತಾರೆ. ಕೂಡಿಸಿ ತಂದ ಶಟರ್‌ನಲ್ಲಿ ಆ ಅವಕಾಶವಿಲ್ಲ. ಅದರ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ನಿಮ್ಮ ಗೌಂಡಿಯವರ ಅನುಮಾನಕ್ಕೆ ಇದೇ ಕಾರಣವಾಗಿದ್ದರೆ, ಅವರ ಕೈಯಿಂದಲೇ ಅದಕ್ಕೆ ಪರಿಹಾರವೂ ಆಗಬೇಕು.

ಮೊದಲು ಅಳತೆ. ಅಗಲವನ್ನು ಕೆಳಗೆ, ನಡುವೆ ಮತ್ತು ಮೇಲೆ ಮೂರು ಕಡೆ ಅಳೆದು, ಅವುಗಳಲ್ಲಿ ಚಿಕ್ಕದನ್ನೇ ಆರ್ಡರಿನಲ್ಲಿ ಬರೆಸಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿ. ಎರಡೂ ಅಳತೆ ಒಂದೇ ಬರದಿದ್ದರೆ ಬಾಗಿಲ ಕಂಡಿ ಒಂದು ಕಡೆಗೆ ವಾಲಿದೆ ಎಂದರ್ಥ, ಅದನ್ನು ಗಿಲಾವು ಮಾಡುವಾಗಲೇ ತಿದ್ದಿಸಬೇಕು. ಲಿಂಟಲ್ ಮೇಲೆ ಸುರುಳಿಗೆ ಎಷ್ಟು ಜಾಗ ಬೇಕೆಂಬುದನ್ನು ತಯಾರಕರಿಂದ ಬರಹದಲ್ಲೇ ಪಡೆಯಿರಿ. ಈ ಎತ್ತರದ ಬಾಗಿಲಿಗೆ ಸಾಮಾನ್ಯವಾಗಿ ಒಂದೂಕಾಲು ಅಡಿಯಿಂದ ಒಂದೂವರೆ ಅಡಿ ಬೇಕಾಗುತ್ತದೆ, ಮತ್ತು ಆ ಜಾಗದಲ್ಲಿ ಛಾವಣಿಯ ಆ್ಯಂಗಲ್ ಅಥವಾ ವಿದ್ಯುತ್ ಪೈಪ್ ಅಡ್ಡ ಬರಬಾರದು.

ಎರಡನೆಯದು ಮಟ್ಟ. ಶಟರ್‌ನ ಪೈಪ್ ಹೊರುವ ಎರಡು ಬದಿಯ ಬ್ರಾಕೆಟ್‌ಗಳ ಎತ್ತರವನ್ನು ನೆಲದಿಂದ ಅಳೆದು ಗುರುತು ಹಾಕುವ ರೂಢಿಯನ್ನು ದಯವಿಟ್ಟು ಬಿಡಿಸಿ. ನಿಮ್ಮ ಭಾಗದ್ದು ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಹಾಕಿದ ನೆಲವು ಎರಡೂ ತುದಿಯಲ್ಲಿ ಒಂದೇ ಮಟ್ಟದಲ್ಲಿರುವುದು ಅಪರೂಪ. ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಎರಡೂ ಕಂಬಗಳ ಮೇಲೆ ಒಂದೇ ಮಟ್ಟದ ಗೆರೆ ಎಳೆಸಿ, ಅಲ್ಲಿಂದ ಮೇಲಕ್ಕೆ ಅಳೆದು ಬ್ರಾಕೆಟ್ ಕೂರಿಸಬೇಕು. ಒಂದು ತುದಿ ಕಾಲು ಇಂಚು ಇಳಿದರೂ ಶಟರ್ ಸುತ್ತಿಕೊಳ್ಳುವಾಗ ಆ ಕಡೆಗೇ ಸರಿದು, ಪಟ್ಟಿಗಳ ತುದಿ, ಶಟರ್ ಜಾರುವ ಬದಿಯ ಗೈಡ್ ಚಾನೆಲ್‌ಗೆ ಉಜ್ಜತೊಡಗುತ್ತದೆ. ಆಮೇಲೆ ಎಷ್ಟು ಎಣ್ಣೆ ಹಾಕಿದರೂ ಆ ಕಿರುಗುಟ್ಟುವಿಕೆ ಹೋಗುವುದಿಲ್ಲ. ಗೈಡ್‌ಗಳನ್ನು ತೂಗುಗುಂಡು ಬಿಟ್ಟು ಎರಡು ಮುಖದಿಂದಲೂ ನೋಡಿ ನಿಲ್ಲಿಸಬೇಕು. ಇನ್ನೊಂದು ಮಾತು: ಎರೆಭೂಮಿಯಲ್ಲಿ ಗೈಡ್‌ನ ಕೆಳತುದಿಯನ್ನು ನೆಲದ ಕಾಂಕ್ರೀಟಿನಲ್ಲಿ ಹುದುಗಿಸುವುದು ನನಗೆ ಸರಿ ಕಾಣುವುದಿಲ್ಲ. ನೆಲ ಉಬ್ಬಿದಾಗ ಅದು ಗೈಡನ್ನು ಮೇಲಕ್ಕೆ ಒತ್ತಿ ಬಾಗಿಸಬಹುದು. ಆದ್ದರಿಂದ ಗೈಡ್ ಕಂಬಕ್ಕೆ ಬಿಗಿಯಾಗಿರಲಿ, ನೆಲದಿಂದ ತುಸು ಬಿಡಿಯಾಗಿರಲಿ.

ಇನ್ನು ಏರಿಸುವ ವಿಷಯ. 1.2 ಮಿ.ಮೀ. ಹಾಳೆಯ ಪಟ್ಟಿಗಳಾದರೆ ನಿಮ್ಮ ಅಳತೆಯ ಶಟರ್ ಪೈಪ್ ಮತ್ತು ಸ್ಪ್ರಿಂಗ್ ಸೇರಿ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ಇದನ್ನು ಎರಡು ಏಣಿಗಳ ಮೇಲೆ ನಿಂತು ಹೆಗಲು ಕೊಟ್ಟು ಏರಿಸುವುದನ್ನು ನಮ್ಮ ಊರುಗಳಲ್ಲಿ ದಿನವೂ ನೋಡುತ್ತೇವೆ, ಹಾಗೆ ಮಾಡಲೇಬಾರದು. ಎರಡೂ ತುದಿಗೆ ಗಟ್ಟಿಯಾದ ಸಾರವೆ ಕಟ್ಟಿಸಿ, ಭಾರ ತಾಳುವ ತೊಲೆಗೆ ಚೈನ್ ಪುಲ್ಲಿ ಹಾಕಿ ಎತ್ತಿಸಿ. ಬ್ರಾಕೆಟ್‌ನ ಮೇಲ್ಭಾಗ ತೆರೆದಿದ್ದು, ಪೈಪ್ ಮೇಲಿನಿಂದ ನೇರವಾಗಿ ಬಂದು ಕೂರುವಂತಿದ್ದರೆ ಕೆಲಸ ಬಹಳ ಹಗುರಾಗುತ್ತದೆ. ಪಕ್ಕದಿಂದ ತೂರಿಸಬೇಕಾದ ಬ್ರಾಕೆಟ್ ಆದರೆ ಅಷ್ಟು ಭಾರವನ್ನು ಗಾಳಿಯಲ್ಲಿ ಹಿಡಿದು ಅತ್ತಿತ್ತ ಸರಿಸಬೇಕಾಗುತ್ತದೆ. ಆರ್ಡರ್ ಕೊಡುವಾಗ ಇದೊಂದನ್ನು ಕೇಳಿಯೇ ಮುಂದುವರಿಯಿರಿ.

ಎತ್ತುವ ಮೊದಲು ಸುರುಳಿ ನೆಲದ ಮೇಲಿರುವಾಗಲೇ ಅದರ ಎರಡೂ ಬದಿಯನ್ನು ಕಣ್ಣಾರೆ ನೋಡಿ. ಪಟ್ಟಿಗಳು ಪಕ್ಕಕ್ಕೆ ಜಾರದಂತೆ ತುದಿಗಳಲ್ಲಿ ಚಿಕ್ಕ ಎಂಡ್ ಲಾಕ್‌ಗಳನ್ನು ರಿವೆಟ್ ಮಾಡಿರುತ್ತಾರೆ. ಟೆಂಪೋದಲ್ಲಿ ಕುಲುಕಾಡಿಕೊಂಡು ಬಂದ ಸುರುಳಿಯಲ್ಲಿ ಒಂದೆರಡು ಲಾಕ್ ಸಡಿಲಾಗಿರುವುದುಂಟು, ಒಂದು ಪಟ್ಟಿ ಉಳಿದವುಗಳಿಗಿಂತ ಬೆರಳಗಲ ಹೊರಗೆ ಚಾಚಿರುವುದುಂಟು. ಕೆಳಗಿರುವಾಗ ಇದು ಸಣ್ಣ ದುರಸ್ತಿ. ಮೇಲೇರಿಸಿದ ಮೇಲೆ ಇಡೀ ಶಟರ್ ಇಳಿಸಬೇಕಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕೈಯಿಂದ ಎಳೆಯುವ ಈ ಶಟರ್‌ಗಳಲ್ಲಿ ಪೈಪ್ ತಿರುಗುವುದಿಲ್ಲ, ಅದರ ಮೇಲಿನ ಗಾಲಿಗಳು ತಿರುಗುತ್ತವೆ. ಸ್ಪ್ರಿಂಗ್‌ನ ಒಂದು ತುದಿ ಪೈಪ್‌ಗೂ ಇನ್ನೊಂದು ತುದಿ ಗಾಲಿಗೂ ಸಿಕ್ಕಿಕೊಂಡಿರುತ್ತದೆ. ಶಟರ್ ಇಳಿದಂತೆ ಸ್ಪ್ರಿಂಗ್ ಬಿಗಿಯುತ್ತ ಹೋಗಿ, ತೂಗುವ ಭಾರಕ್ಕೆ ಸಮನಾಗುತ್ತದೆ. ಪೂರ್ತಿ ಮೇಲಿದ್ದಾಗಲೂ ಸ್ವಲ್ಪ ಬಿಗಿ ಉಳಿದಿರಲೇಬೇಕು. ಕಾರ್ಖಾನೆಯವರು ಆ ಬಿಗಿಯನ್ನು ಮೊದಲೇ ಕೊಟ್ಟು, ಬಿಚ್ಚಿಕೊಳ್ಳದಂತೆ ಪಿನ್ನು ಅಥವಾ ಪಟ್ಟೆ ಕಟ್ಟಿ ಕಳುಹಿಸಿರುತ್ತಾರೆ. ಪೈಪನ್ನು ಎರಡೂ ಬ್ರಾಕೆಟ್‌ಗಳಿಗೆ ಕ್ಲ್ಯಾಂಪ್ ಹಾಕಿ, ನಟ್ಟುಗಳನ್ನು ಪೂರ್ತಿ ಬಿಗಿದು, ಮತ್ತೊಬ್ಬರು ಪರೀಕ್ಷಿಸುವ ತನಕ ಆ ಪಿನ್ನನ್ನಾಗಲಿ ಪಟ್ಟೆಯನ್ನಾಗಲಿ ಯಾರೂ ಮುಟ್ಟಕೂಡದು. ಕ್ಲ್ಯಾಂಪ್ ಸಡಿಲಿದ್ದಾಗ ಪಟ್ಟೆ ಕತ್ತರಿಸಿದರೆ ಸ್ಪ್ರಿಂಗ್‌ನ ಬಲಕ್ಕೆ ಪೈಪೇ ಗಿರಗಿರನೆ ತಿರುಗುತ್ತದೆ. ಅಲ್ಲಿ ಕೈ ಇದ್ದವರ ಬೆರಳು ಉಳಿಯುವುದು ಕಷ್ಟ.

ಪಟ್ಟೆ ಬಿಚ್ಚುವಾಗ ಇಬ್ಬರು ಶಟರ್‌ನ ಕೆಳತುದಿಯ ಬಾಟಮ್ ಪ್ಲೇಟ್ ಹಿಡಿದುಕೊಂಡು, ಅದನ್ನು ಗೈಡ್‌ಗಳ ಅಗಲವಾದ ಬಾಯಿಯೊಳಗೆ ನಿಧಾನವಾಗಿ ಇಳಿಸಬೇಕು. ಸೊಂಟದ ಎತ್ತರಕ್ಕೆ ತಂದು ಕೈ ಸಡಿಲಿಸಿ ನೋಡಿ. ನಿಂತಲ್ಲೇ ನಿಂತರೆ ಬಿಗಿ ಸರಿಯಾಗಿದೆ. ಜಾರಿ ಬಿದ್ದರೆ ಕಡಿಮೆ, ಮೇಲಕ್ಕೆ ಹಾರಿದರೆ ಹೆಚ್ಚು. ಎರಡೂ ಸಂದರ್ಭದಲ್ಲಿ ಸ್ಪ್ರಿಂಗ್ ತಿದ್ದುವುದು ತಯಾರಕರ ಕೆಲಸ, ವೆಲ್ಡರ್‌ದೂ ಅಲ್ಲ, ಗೌಂಡಿಯದೂ ಅಲ್ಲ. ಗೈಡ್‌ಗಳಿಗೆ ಗ್ರೀಸ್ ಬಳಿಸಬೇಡಿ. ತೋಟದ ಧೂಳು ಅದಕ್ಕೆ ಅಂಟಿ ಗಟ್ಟಿಯಾಗುತ್ತದೆ. ಮೇಣ ಉಜ್ಜಿದರೆ ಸಾಕು.

ಪ್ರಶ್ನೆ: ನವನಗರದಲ್ಲಿರುವ ನಮ್ಮ ಅಂಗಡಿಯ ಗೋಡೆ ಹಾಲೋ ಬ್ಲಾಕ್‌ನದು. ಸುತ್ತಿ ತಂದ ಶಟರ್‌ನ ಬ್ರಾಕೆಟ್‌ಗಳನ್ನು ಆ್ಯಂಕರ್ ಬೋಲ್ಟ್‌ನಿಂದ ಕೂರಿಸಬಹುದೇ?
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಬೇಡ. ಹಿಗ್ಗಿ ಹಿಡಿಯುವ ಆ್ಯಂಕರ್‌ಗೆ ಸುತ್ತಲೂ ಗಟ್ಟಿ ಕಾಂಕ್ರೀಟ್ ಬೇಕು. ಟೊಳ್ಳು ಬ್ಲಾಕ್‌ನ ತೆಳು ಗೋಡೆಯಲ್ಲಿ ಅದು ಹಿಡಿತ ಸಿಗದೆ ಬ್ಲಾಕನ್ನೇ ಒಡೆಯುತ್ತದೆ. ಬ್ರಾಕೆಟ್ ಬರುವ ಜಾಗದ ಬ್ಲಾಕ್‌ಗಳನ್ನು ತೆಗೆಸಿ, ಅಲ್ಲಿ ಸರಳು ಕಟ್ಟಿ ಕಾಂಕ್ರೀಟ್ ಹಾಕಿಸಿ, ಚೆನ್ನಾಗಿ ನೀರುಣಿಸಿ ಗಟ್ಟಿಯಾದ ಮೇಲೆ ಬೋಲ್ಟ್ ಹಾಕಿಸುವುದು ಉತ್ತಮ. ಅದು ಸಾಧ್ಯವೇ ಇಲ್ಲದಿದ್ದರೆ ಬೋಲ್ಟನ್ನು ಗೋಡೆಯ ಆಚೆಗೆ ಪಾರುಮಾಡಿ, ಹಿಂಬದಿಗೆ ದಪ್ಪ ಕಬ್ಬಿಣದ ಪ್ಲೇಟ್ ಕೊಟ್ಟು ಬಿಗಿಸಿ. ಕಲ್ಲಿನ ಕಟ್ಟಡವಾದರೆ ಕಲ್ಲಿನ ಅಂಚಿಗೆ ಹತ್ತಿರ ರಂಧ್ರ ಕೊರೆಯದಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ಉದ್ಯಮಬಾಗದ ನಮ್ಮ ಮಷಿನ್ ಶಾಪ್‌ಗೆ 14 ಅಡಿ ಅಗಲ, 12 ಅಡಿ ಎತ್ತರದ ಬಾಗಿಲಿದೆ. ಕೈಯಿಂದ ಎಳೆಯುವ ಶಟರ್ ಸಾಕಾಗುವುದೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಸಾಕಾಗದು. ನಿಮ್ಮ ಬಾಗಿಲು 15 ಚದರ ಮೀಟರ್ ದಾಟುತ್ತದೆ. ಕೈಯಿಂದ ಎಳೆಯುವ ಶಟರ್‌ಗಳನ್ನು ಸುಮಾರು 9 ಚದರ ಮೀಟರ್‌ವರೆಗೆ, ಬಾಲ್ ಬೇರಿಂಗ್ ಇದ್ದರೆ 12 ಚದರ ಮೀಟರ್‌ವರೆಗೆ ಬಳಸುವುದು ವಾಡಿಕೆ; ಅದಕ್ಕಿಂತ ದೊಡ್ಡದಾದರೆ ಗೇರ್ ಮತ್ತು ಚೈನ್ ಇರುವುದನ್ನೇ ಆರಿಸಬೇಕು. ಅಗಲ ಮೂರೂವರೆ ಮೀಟರ್ ಮೀರಿರುವುದರಿಂದ ಗೈಡ್‌ನ ಆಳ 65 ಮಿ.ಮೀ. ಬದಲು 75 ಮಿ.ಮೀ. ಇರಲಿ. ರೋಲಿಂಗ್ ಶಟರ್‌ಗಳಿಗೆ ಐಎಸ್ 6248 ಎಂಬ ಭಾರತೀಯ ಮಾನಕವಿದೆ; ಕೊಟೇಶನ್ ಕೇಳುವಾಗ ಅದನ್ನು ನಮೂದಿಸಿ. ಸುರುಳಿಯ ತೂಕ ಇನ್ನೂರು ಕಿಲೋ ಮೀರಬಹುದಾದ್ದರಿಂದ ಏರಿಸುವ ದಿನಕ್ಕೆ ಅಕ್ಕಪಕ್ಕದ ಕಾರ್ಖಾನೆಯವರ ಫೋರ್ಕ್‌ಲಿಫ್ಟನ್ನು ಚಾಲಕರ ಸಮೇತ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ, ಮತ್ತು ಅದು ನಿಲ್ಲುವ ಜಾಗದಲ್ಲಿ ಹೊಸದಾಗಿ ತುಂಬಿದ ಮಣ್ಣು ಇಲ್ಲದಂತೆ ನೋಡಿಕೊಳ್ಳಿ.