ಆ ಕಣ್ಣಿನ ಹುಡುಗನಿಗೆ ಎರಡು ಪುಟ ಯಾಕೆ?

ಓದುಗರ ಪತ್ರ: "ಇಟಲಿಯ ಫುಟ್‌ಬಾಲ್ ಆಟಗಾರ ಸ್ಕಿಲಾಚಿ ತೀರಿಕೊಂಡಾಗ ನೀವು ಎರಡು ಪುಟ ಕೊಟ್ಟಿರಿ. ದೇಶಕ್ಕೆ ಆಡಿದ್ದು 16 ಪಂದ್ಯ, ಹೊಡೆದದ್ದು 7 ಗೋಲು. ಎದುರಾಳಿಗೆ ಗುಂಡು ಹೊಡೆಸುತ್ತೇನೆ ಎಂದವನು. 1990ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಒದೆಯಲು ಮುಂದೆ ಬರಲಿಲ್ಲ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವನು ನಾನು. ಇಂಥವರನ್ನು ಹೊತ್ತು ಮೆರೆಸಿದರೆ ಮಕ್ಕಳಿಗೆ ಏನು ಹೇಳಲಿ? ನಮ್ಮ ಹೈಸ್ಕೂಲ್ ಮೈದಾನದಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಒಬ್ಬ ಫಾರ್ವರ್ಡ್ ಇದ್ದ. ಕುಡಿತ ಅವನನ್ನು ತಿಂದಿತು. ಅವನ ಬಗ್ಗೆ ಒಂದು ಸಾಲು ಬರೆದವರಿಲ್ಲ." – ನಿವೃತ್ತ ದೈಹಿಕ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ,

ನಿಮ್ಮ ಪತ್ರ ಓದಿ ಮೊದಲಿಗೆ ಸಿಟ್ಟು ಬಂದದ್ದು ನಿಜ. ಆಮೇಲೆ ಕೂತು ನಮ್ಮ ಲೇಖನವನ್ನೇ ಮತ್ತೆ ಓದಿದೆ. ಗುಂಡಿನ ಮಾತಿನ ಪ್ರಸಂಗ ಅದರಲ್ಲಿ ಇಲ್ಲ. ಬರೆದವರು ಬರೆದಿದ್ದರು, ತೆಗೆದವನು ನಾನು. ಮನುಷ್ಯ ಸತ್ತು ಇನ್ನೂ ತಿಂಗಳಾಗಿಲ್ಲ, ಈಗ ಇದು ಬೇಡ ಅನ್ನಿಸಿತ್ತು. ಬೇಕಿತ್ತು. ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

1990ರ ನವೆಂಬರ್. ವಿಶ್ವಕಪ್ ಮುಗಿದು ನಾಲ್ಕು ತಿಂಗಳಾಗಿತ್ತು. ಅವನ ಕ್ಲಬ್ ಯುವೆಂಟಸ್ ಬೊಲೊನ್ಯಾಕ್ಕೆ ಆಡಲು ಹೋಗಿತ್ತು. ಮಾತಿಗೆ ಮಾತು ಬೆಳೆದು ಸ್ಕಿಲಾಚಿ ಎದುರು ತಂಡದ ಫಾಬಿಯೊ ಪೋಲಿಗೆ ‘ನಿನಗೆ ಗುಂಡು ಹೊಡೆಸ್ತೀನಿ’ ಎಂದ. ಸಿಸಿಲಿ ದ್ವೀಪದ ಪಲೆರ್ಮೊದವನ ಬಾಯಲ್ಲಿ ಆ ಮಾತು ಬಂದರೆ ಇಟಲಿಯಲ್ಲಿ ಅದಕ್ಕೆ ಮಾಫಿಯಾದ ನೆರಳು ತಾನಾಗಿ ಅಂಟಿಕೊಳ್ಳುತ್ತದೆ. ಅವನಿಗೆ ನಿಷೇಧ ಬಿತ್ತು, ಬೀಳಬೇಕಾದದ್ದೇ. ಆ ಮಾತಿಗೆ ನಾನು ಸಮಜಾಯಿಷಿ ಕೊಡುವುದಿಲ್ಲ.

ಪೆನಾಲ್ಟಿಯ ವಿಷಯದಲ್ಲಿ ಮಾತ್ರ ನಿಮ್ಮ ಮಾತಿಗೆ ತಲೆಯಾಡಿಸಲಾರೆ. ನೇಪಲ್ಸ್‌ನಲ್ಲಿ ಅರ್ಜೆಂಟೀನಾ ಎದುರು ಇಟಲಿ ಹೊಡೆದ ಒಂದೇ ಗೋಲು ಅವನದು. 120 ನಿಮಿಷ ಮೈದಾನದಲ್ಲಿದ್ದ. ಆಮೇಲೆ ಪೆನಾಲ್ಟಿ ಒದ್ದ ಐವರಲ್ಲಿ ಅವನಿರಲಿಲ್ಲ, ನಿಜ. ಡೊನಡೋನಿ, ಸೆರೆನಾ ಇಬ್ಬರ ಒದೆತವನ್ನೂ ಅರ್ಜೆಂಟೀನಾದ ಗೋಲ್‌ಕೀಪರ್ ಗೊಯ್ಕೊಚಿಯಾ ತಡೆದ. ಆ ಸೋಲಿನ ಭಾರವನ್ನು ಅದೇ ರಾತ್ರಿ ಗೋಲು ಹೊಡೆದವನ ಹೆಗಲಿಗೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಎರಡು ಪುಟ ಯಾಕೆ ಎಂಬುದು. ಇದಕ್ಕೆ ನಿಟ್ಟುವಳ್ಳಿಯ ಒಂದು ಮನೆಯಿಂದ ಶುರುಮಾಡಬೇಕು.

ಆ ವಿಶ್ವಕಪ್ ನಡೆದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ನನಗೆ ಹದಿಮೂರು. ಬೀದಿಗೆಲ್ಲ ಒಂದೇ ಟಿವಿ, ಕಪ್ಪು ಬಿಳುಪಿನದು. ಇಟಲಿಯಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಗುವ ಪಂದ್ಯ ನಮಗೆ ಹನ್ನೆರಡೂವರೆಗೆ. ದೂರದರ್ಶನದವರು ನೇರಪ್ರಸಾರ ಮಾಡುತ್ತಿದ್ದರು. ಮಿಲ್ಲಿನಲ್ಲಿ ಎರಡನೇ ಪಾಳಿ ಮುಗಿಸಿದವರು ತಲೆಯ ಮೇಲಿನ ಹತ್ತಿಯ ಎಳೆ ಕೂಡ ಕೊಡವಿಕೊಳ್ಳದೆ ಬಂದು ಕೂರುತ್ತಿದ್ದರು. ಸಂಜೆಯ ಮಂಡಕ್ಕಿ ಆ ಹೊತ್ತಿಗೆ ಮೆತ್ತಗಾಗಿರುತ್ತಿತ್ತು, ಆದರೂ ಖಾಲಿಯಾಗುತ್ತಿತ್ತು. ಮಿಲ್ಲುಗಳು ಒಂದೊಂದಾಗಿ ಸೊರಗುತ್ತಿದ್ದ ಕಾಲ ಅದು. ನಾಳೆ ಗೇಟು ತೆಗೆಯುತ್ತದೋ ಇಲ್ಲವೋ ಎಂಬ ಮಾತು ಮಧ್ಯಂತರದಲ್ಲಿ ಬಂದು, ಎರಡನೇ ಅರ್ಧ ಶುರುವಾದರೆ ನಿಲ್ಲುತ್ತಿತ್ತು.

ಮೊದಲ ಪಂದ್ಯ ಆಸ್ಟ್ರಿಯಾ ಎದುರು, ರೋಮ್‌ನಲ್ಲಿ. ಇಟಲಿ ಮೇಲಿಂದ ಮೇಲೆ ದಾಳಿ ಮಾಡಿದರೂ ಚೆಂಡು ಒಳಗೆ ಹೋಗುತ್ತಿಲ್ಲ. ಕಾಲು ಗಂಟೆ ಉಳಿದಿದೆ ಎನ್ನುವಾಗ ಕಾರ್ನೆವಾಲೆಯನ್ನು ಹೊರಗೆ ಕರೆದು ಒಬ್ಬ ಕುಳ್ಳನನ್ನು ಇಳಿಸಿದರು. ಅದಕ್ಕೆ ಮೊದಲು ಅವನು ದೇಶಕ್ಕೆ ಆಡಿದ್ದು ಒಂದೇ ಒಂದು ಪಂದ್ಯ. ಬಂದು ಮೂರ್ನಾಲ್ಕು ನಿಮಿಷವಾಗಿರಬೇಕು, ವಿಯಾಲಿ ಬಲಗಡೆಯಿಂದ ಚೆಂಡು ಎತ್ತಿ ಹಾಕಿದ. ಇಬ್ಬರು ಎತ್ತರದ ಆಸ್ಟ್ರಿಯಾದವರ ನಡುವೆ ಆ ಕುಳ್ಳ ಜಿಗಿದು ತಲೆ ಕೊಟ್ಟ. ಗೋಲು. ಆಮೇಲೆ ಅವನು ಕೈ ಚಾಚಿ, ಕಣ್ಣು ಅಷ್ಟಗಲ ಬಿಟ್ಟುಕೊಂಡು ಓಡಿದ ಪರಿ ಇದೆಯಲ್ಲ, ಮೇಷ್ಟ್ರೇ, ಅದನ್ನು ನೋಡಿದವರಾರೂ ಮರೆತಿಲ್ಲ. ಗೋಲು ಹೊಡೆದದ್ದು ತಾನೇ ಎಂದು ಅವನಿಗೇ ನಂಬಿಕೆ ಬಂದಂತಿರಲಿಲ್ಲ. ನಮ್ಮಲ್ಲಿ ಯಾರಿಗೂ ಅವನ ಹೆಸರು ಬಾಯಿಗೆ ಬರಲಿಲ್ಲ. ಶಿಲ್ಲಾಚಿ ಅಂದೆವು, ಚಿಲ್ಲಾಸಿ ಅಂದೆವು. ಪಾಳಿ ಮುಗಿಸಿ ಬಂದಿದ್ದ ಹಿರಿಯರೊಬ್ಬರು ಮಾತ್ರ ಆ ತಿಂಗಳಿಡೀ ಒಂದೇ ಪ್ರಶ್ನೆ ಕೇಳಿದರು: "ಆ ಕಣ್ಣಿನ ಹುಡುಗ ಇವತ್ತು ಐದಾನೇನ್ರಲೇ?"

ಇದ್ದ. ಚೆಕೊಸ್ಲೊವಾಕಿಯಾ ಎದುರು ಒಂಬತ್ತನೇ ನಿಮಿಷಕ್ಕೇ ತಲೆಯಿಂದ. ಉರುಗ್ವೆ ಎದುರು ಎಡಗಾಲಿನ ಹೊಡೆತ, ಗೋಲ್‌ಕೀಪರನ ತಲೆ ಮೇಲಿಂದ. ಐರ್ಲೆಂಡ್ ಎದುರು ಡೊನಡೋನಿಯ ಹೊಡೆತ ಗೋಲ್‌ಕೀಪರ್ ಬಾನರ್ ಕೈಯಿಂದ ಸಿಡಿದಾಗ ಚೆಂಡಿನ ಹತ್ತಿರ ಇದ್ದವನು ಇವನು. ಅರ್ಜೆಂಟೀನಾ ಎದುರು ವಿಯಾಲಿಯ ಹೊಡೆತ ಸಿಡಿದಾಗಲೂ ಇವನೇ. ಅವನ ಜೊತೆಗಾರ ಬಜ್ಜೋ ತರಹ ಹತ್ತು ಜನರನ್ನು ದಾಟಿ ಹೋಗುವ ಕಾಲು ಇವನದಲ್ಲ. ಅದು ನಮಗೂ ಗೊತ್ತಿತ್ತು. ಚೆಂಡು ಎಲ್ಲಿ ಚೆಲ್ಲುತ್ತದೆ ಎಂಬುದು ಮಾತ್ರ ಇವನಿಗೆ ಮೊದಲೇ ಗೊತ್ತಿರುತ್ತಿತ್ತು. ನೀವು ಮಕ್ಕಳಿಗೆ "ಬಾಲ್ ಫಾಲೋ ಮಾಡ್ರೋ" ಎಂದು ಗಂಟಲು ಹರಿದುಕೊಂಡಿರುತ್ತೀರಲ್ಲ, ಅದರಲ್ಲಿ ಅವನನ್ನು ಮೀರಿಸಿದವರನ್ನು ನಾನು ನೋಡಿಲ್ಲ.

ಹಳೇ ಪಿ.ಬಿ. ರಸ್ತೆಯಲ್ಲಿ ಆಗ ಒಂದು ಪಂಕ್ಚರ್ ಅಂಗಡಿ ಇತ್ತು. ಅಲ್ಲಿ ಕೆಲಸಕ್ಕಿದ್ದ ಹುಡುಗ ನನಗಿಂತ ಎರಡು ವರ್ಷ ದೊಡ್ಡವನು, ಪಂದ್ಯ ನೋಡಲು ನಮ್ಮ ಜೊತೆಗೇ ಬರುತ್ತಿದ್ದ. ಯಾವುದೋ ಕ್ರೀಡಾ ಪತ್ರಿಕೆಯಲ್ಲಿ, ಸ್ಕಿಲಾಚಿ ಪಲೆರ್ಮೊದ ಬಡ ಬಡಾವಣೆಯಲ್ಲಿ ಬೆಳೆದವನು, ಚಿಕ್ಕವನಿದ್ದಾಗ ಟೈರ್ ರಿಪೇರಿ ಅಂಗಡಿಯಲ್ಲಿ ದುಡಿದವನು ಎಂದು ಬಂದಿತ್ತು. ಅದನ್ನು ಓದಿ ಹೇಳಿದ್ದು ನಾನು. ಮರುದಿನ ಹೋದರೆ ಆ ಪತ್ರಿಕೆಯ ಚಿತ್ರ ಅಂಗಡಿಯ ಗೋಡೆಯ ಮೇಲೆ, ಟ್ಯೂಬಿಗೆ ಹಚ್ಚುವ ಸೊಲ್ಯೂಷನ್‌ನಿಂದಲೇ ಅಂಟಿಸಿದ್ದ. ಅಂಗಡಿ ಎತ್ತುವವರೆಗೂ ಅದು ಅಲ್ಲೇ ಇತ್ತು, ಮಸಿ ಹಿಡಿದು ಕಣ್ಣೆರಡು ಮಾತ್ರ ಕಾಣುತ್ತಿದ್ದವು.

ಅದೇ ಟೈರ್ ಅಂಗಡಿಯನ್ನು ಇಟಲಿಯ ಉತ್ತರದ ಮೈದಾನಗಳಲ್ಲಿ ಎದುರು ತಂಡದವರು ಹಾಡು ಕಟ್ಟಿ ಅಣಕಿಸಿದರು. ಸ್ಕಿಲಾಚಿ ಟೈರ್ ಕದೀತಾನೆ, ಟೈರ್ ಕದೀತಾನೆ ಎಂದು ಸಾವಿರಾರು ಬಾಯಿ ಒಟ್ಟಿಗೆ. ತೆರ್ರೋನೆ ಎಂದು ಕೂಗಿದರು. ದಕ್ಷಿಣದವರನ್ನು ಹೀಗಳೆಯಲು ಮಣ್ಣು ಎಂಬ ಪದದಿಂದಲೇ ಹುಟ್ಟಿಸಿದ ಬೈಗುಳ ಅದು. ಅವನ ಸಿಸಿಲಿಯ ಉಚ್ಚಾರ, ಅವನು ಮಾಡುತ್ತಿದ್ದ ವ್ಯಾಕರಣದ ತಪ್ಪುಗಳು ನಗೆಯ ಸರಕಾದವು. ದೇಶಕ್ಕೆ ಗೋಲು ಹೊಡೆದಾಗ ಇಟಲಿಯವನು, ಮಾತಾಡಿದರೆ ಪಲೆರ್ಮೊದವನು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ಓದಲು ಬೇರೆ ಊರಿಗೆ ಹೋದಾಗ, ಹಾಸ್ಟೆಲಿನಲ್ಲಿ ನಾನು ‘ಐತೆ’ ಎಂದಾಗಲೆಲ್ಲ ಯಾರಾದರೂ ಒಬ್ಬರು ಅದನ್ನು ಎಳೆದು ಎಳೆದು ಹೇಳುತ್ತಿದ್ದರು. ಮೊದಲ ವರ್ಷ ಪೂರ್ತಿ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ನನಗೆ ಆಗ ಧೈರ್ಯ ಕೊಟ್ಟವರ ಪಟ್ಟಿ ಮಾಡಿದರೆ ಅದರಲ್ಲಿ ಸ್ಕಿಲಾಚಿ ಇದ್ದಾನೆ. ಅಣಕಿಸುವವರ ಮುಂದೆಯೇ ಅವನು ಅದೇ ಮಾತಿನಲ್ಲಿ, ಅದೇ ತಪ್ಪುಗಳ ಸಮೇತ, ಕ್ಯಾಮೆರಾ ನೋಡಿ ಮಾತಾಡುತ್ತಿದ್ದ. ಅಂಥವನ ಬಾಯಿಂದಲೇ ಬೊಲೊನ್ಯಾದಲ್ಲಿ ಆ ಕೆಟ್ಟ ಮಾತು ಬಂದದ್ದು ನನಗೆ ಇವತ್ತಿಗೂ ನೋವು. ತನ್ನ ಊರಿನ ಮೇಲೆ ಬೇರೆಯವರು ಹೊರಿಸಿದ್ದ ಅಪವಾದವನ್ನು ಒಂದು ಕ್ಷಣದ ಸಿಟ್ಟಿನಲ್ಲಿ ತಾನೇ ಎತ್ತಿ ತಲೆ ಮೇಲಿಟ್ಟುಕೊಂಡ. ಅವನನ್ನು ಇಷ್ಟಪಡುವವರು ಆ ಮಾತನ್ನು ಮರೆತಿದ್ದಾರೆ ಎಂದು ನೀವು ತಿಳಿದಿದ್ದೀರಿ. ಮರೆತಿಲ್ಲ. ನಮ್ಮೋನು ಅಂದಮೇಲೆ ಬೈದು, ಆಮೇಲೆ ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ನೀವೂ ನೋಡಿರುತ್ತೀರಿ, ಸೋತ ಪೈಲ್ವಾನನಿಗೆ ಅತಿ ಕೆಟ್ಟದಾಗಿ ಬೈಯುವವರು ಅವನದೇ ಗರಡಿಯವರು, ಅವನ ಬೆನ್ನಿನ ಮಣ್ಣು ಒರೆಸುವವರೂ ಅವರೇ.

ಆ ವಿಶ್ವಕಪ್‌ನಲ್ಲಿ ಅವನದು 6 ಗೋಲು. ಹೆಚ್ಚು ಗೋಲು ಹೊಡೆದವನ ಬಂಗಾರದ ಬೂಟೂ ಅವನಿಗೆ, ಅತ್ಯುತ್ತಮ ಆಟಗಾರನ ಬಂಗಾರದ ಚೆಂಡೂ ಅವನಿಗೆ. ಜರ್ಮನಿಯ ಮತೇಯಸ್, ಅರ್ಜೆಂಟೀನಾದ ಮರಡೋನಾ ಇಬ್ಬರೂ ಅವನ ಹಿಂದೆ. ಆಮೇಲೆ ದೇಶಕ್ಕೆ ಹೊಡೆದದ್ದು ಇನ್ನೊಂದೇ ಗೋಲು. ಯುವೆಂಟಸ್‌ಗೆ ಮೊದಲ ವರ್ಷ ಲೀಗ್‌ನಲ್ಲಿ 15 ಹೊಡೆದವನು ವಿಶ್ವಕಪ್ ಆದ ಮೇಲಿನ ವರ್ಷ 5ಕ್ಕೆ ಇಳಿದ. ಇಂಟರ್ ಮಿಲಾನ್ ಕ್ಲಬ್‌ಗೆ ಹೋದ, 1994ರಲ್ಲಿ ಜಪಾನಿಗೆ ಹೋದ. ಅಲ್ಲಿನ ಜೆ-ಲೀಗ್ ಆಡಿದ ಮೊದಲ ಇಟಲಿಯವನು ಅವನೇ, ಜುಬಿಲೊ ಇವಾಟಾ ತಂಡಕ್ಕೆ 78 ಲೀಗ್ ಪಂದ್ಯಗಳಲ್ಲಿ 56 ಗೋಲು. ಕೊನೆಗೆ ಪಲೆರ್ಮೊಗೆ ಮರಳಿ ಮಕ್ಕಳಿಗೆ ಫುಟ್‌ಬಾಲ್ ಶಾಲೆ ನಡೆಸಿದ. ನಿಮ್ಮ ಕೆಲಸವನ್ನೇ ಅವನೂ ಮಾಡಿದ, ಮೇಷ್ಟ್ರೇ. 2024ರ ಸೆಪ್ಟೆಂಬರ್ 18ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ 59 ವರ್ಷ. ಪಲೆರ್ಮೊದ ಕ್ರೀಡಾಂಗಣದಲ್ಲಿ ಶವ ಇಟ್ಟಾಗ ಜನ ಸಾಲುಗಟ್ಟಿ ಬಂದರು.

ಮಕ್ಕಳಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ನನಗೆ ತೋಚಿದ್ದು ಇಷ್ಟು: ನಡೆದದ್ದನ್ನೆಲ್ಲ ಹೇಳಿ. ಬೆಂಚಿನಿಂದ ಎದ್ದು ಬಂದದ್ದು, ಆ ಜಿಗಿತ, ಆ ಕಣ್ಣು, ಬೊಲೊನ್ಯಾದ ಮಾತು, ನಿಷೇಧ, ಗೋಲು ಬತ್ತಿಹೋದ ವರ್ಷಗಳು. ನಾನು ಮಾಡಿದ ಹಾಗೆ ಮಧ್ಯದ್ದನ್ನು ಕತ್ತರಿಸಬೇಡಿ. ಬಾರಿ ನಗರದಲ್ಲಿ ಇಂಗ್ಲೆಂಡ್ ಎದುರು ಮೂರನೇ ಸ್ಥಾನದ ಪಂದ್ಯದ ಕೊನೆಗೆ ಪೆನಾಲ್ಟಿ ಸಿಕ್ಕಾಗ, ಬಜ್ಜೋ ಚೆಂಡನ್ನು ಇವನಿಗೆ ಬಿಟ್ಟುಕೊಟ್ಟನಲ್ಲ, ಅದನ್ನೂ ಹೇಳಿ. ನಾಲ್ಕು ದಿನದ ಹಿಂದೆ ಒದೆಯದೆ ನಿಂತಿದ್ದವನು ಅಂದು ಒದ್ದ, ಗೋಲಾಯಿತು. ಅದು ಆರನೆಯದು. ನಿಟ್ಟುವಳ್ಳಿಯ ಆ ಮನೆಯಲ್ಲಿ ಮಧ್ಯರಾತ್ರಿ ದಾಟಿ ಒಂದು ಗಂಟೆಯಾಗಿತ್ತು. ನಾವು ಕೂಗಿದ್ದಕ್ಕೆ ಪಕ್ಕದ ಮನೆಯ ಕೂಸು ಎದ್ದು ಅಳತೊಡಗಿತು.

ಇನ್ನು ನಿಮ್ಮ ಪತ್ರದ ಕೊನೆಯ ಮೂರು ಸಾಲು. ಆ ಬರಿಗಾಲಿನ ಫಾರ್ವರ್ಡ್ ಬಗ್ಗೆ ಯಾರೂ ಬರೆದಿಲ್ಲ ಎಂಬ ಮಾತು ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ನಾನು ಅವನ ಆಟ ನೋಡಿಲ್ಲ. ನೀವು ನೋಡಿದ್ದೀರಿ. ಅವನು ಯಾವ ಕಾಲಲ್ಲಿ ಹೊಡೆಯುತ್ತಿದ್ದ, ಹೈಸ್ಕೂಲ್ ಮೈದಾನದ ಯಾವ ಕಡೆಯ ಗೋಲು ಅವನಿಗೆ ಒಲಿದಿತ್ತು, ಗೋಲಾದ ಮೇಲೆ ಏನು ಮಾಡುತ್ತಿದ್ದ, ಜನ ಅವನನ್ನು ಏನೆಂದು ಕರೆಯುತ್ತಿದ್ದರು, ಇವೆಲ್ಲ ನಿಮ್ಮೊಬ್ಬರ ಹತ್ತಿರ ಉಳಿದಿರಬಹುದು. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಖಾಲಿ ಬಿಟ್ಟಿದ್ದೇನೆ. ಕೈಬರಹದಲ್ಲೇ ಕಳಿಸಿ, ನಮ್ಮ ಹುಡುಗರು ಟೈಪ್ ಮಾಡಿಕೊಳ್ಳುತ್ತಾರೆ. ಕುಡಿತದ ವಿಷಯವನ್ನೂ ಬರೆಯಿರಿ, ಅವನ ಮನೆಯವರು ಒಪ್ಪಿದರೆ. ಈ ಸಲ ನಾನು ಒಂದು ಸಾಲನ್ನೂ ತೆಗೆಯುವುದಿಲ್ಲ.

– ಸಂಪಾದಕ