75,600 ನಿಮಿಷ ಮತ್ತು ನಿಮ್ಮ ತಮ್ಮನ ಮದುವೆ

ನಮಸ್ಕಾರ. ದಾವಣಗೆರೆಯಿಂದ ಡಲ್ಲಾಸ್ ಸೀಮೆಗೆ ಬಂದು ಎರಡು ತಿಂಗಳಾಗಿರುವ ನೀವು ಕೇಳಿರುವುದು ಇಷ್ಟು: ನವೆಂಬರ್‌ನಲ್ಲಿ ಊರಿನಲ್ಲಿ ತಮ್ಮನ ಮದುವೆಯಿದೆ, ಮೂರನೆಯ ತರಗತಿಯ ಮಗಳನ್ನು ಒಂದು ತಿಂಗಳು ಶಾಲೆ ಬಿಡಿಸಿ ಕರೆದೊಯ್ಯಬಹುದೇ, ಟೆಕ್ಸಾಸ್‌ನಲ್ಲಿ 180 ದಿನಗಳ ಕಡ್ಡಾಯವನ್ನೇ ತೆಗೆದುಹಾಕಿದ್ದಾರಂತೆ, ಹಾಗಿದ್ದ ಮೇಲೆ ತೊಂದರೆಯೇನು? 180 ದಿನಗಳ ಮಾತು ನಿಜ. ಆದರೆ ಅದರಿಂದ ನೀವು ಎಳೆದ ತೀರ್ಮಾನ ಸರಿಯಲ್ಲ. ಇಲ್ಲಿ ಹದಿನೆಂಟು ವರ್ಷ ಕಳೆದ ನಾನೂ ಒಮ್ಮೆ ಇದೇ ಲೆಕ್ಕದಲ್ಲಿ ಎಡವಿದವನು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

2015ರಲ್ಲಿ ಟೆಕ್ಸಾಸ್ ಶಾಸನಸಭೆ ದಿನಗಳ ಲೆಕ್ಕವನ್ನು ಬಿಟ್ಟು ನಿಮಿಷಗಳ ಲೆಕ್ಕಕ್ಕೆ ಬಂದಿತು. ಈಗ ಶಾಲೆ ವರ್ಷಕ್ಕೆ ಕನಿಷ್ಠ 75,600 ನಿಮಿಷ ನಡೆಯಬೇಕು. ಹಳೆಯ 180 ದಿನಗಳನ್ನು ದಿನಕ್ಕೆ ಏಳು ಗಂಟೆಯಂತೆ ಗುಣಿಸಿದರೆ ಬರುವುದೂ ಇದೇ ಸಂಖ್ಯೆ. ಅಂದರೆ ಹೊರೆ ಇಳಿಯಲಿಲ್ಲ, ಅಳೆಯುವ ಸೇರು ಮಾತ್ರ ಬದಲಾಯಿತು. ನಮ್ಮ ಮಕ್ಕಳ ಶಾಲೆಯಲ್ಲಿ ಬೆಳಗ್ಗೆ 7:40ಕ್ಕೆ ಗಂಟೆ ಬಾರಿಸಿದರೆ ಬಿಡುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ದಿನಕ್ಕೆ 440 ನಿಮಿಷವಾದ್ದರಿಂದ 172 ದಿನಗಳಲ್ಲೇ ಕೋಟಾ ಮುಗಿದು 80 ನಿಮಿಷ ಉಳಿಯುತ್ತಿತ್ತು. ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿ ಶಾಲೆಗೆ ರಜೆ ಕೊಡಬೇಕಾಗಿ ಬಂದರೆ, ಮೊದಲಿನಂತೆ ಜೂನ್‌ಗೆ ತರಗತಿ ಎಳೆಯುವ ಬದಲು ದಿನಕ್ಕೆ ಕೆಲವು ನಿಮಿಷ ಸೇರಿಸಿ ಸರಿದೂಗಿಸುವ ಅನುಕೂಲ ಈಗ ಶಾಲೆಗಳಿಗಿದೆ. ಹಳ್ಳಿಗಾಡಿನ ಅನೇಕ ಕಡೆ ಇದನ್ನೇ ಬಳಸಿಕೊಂಡು ವಾರಕ್ಕೆ ನಾಲ್ಕೇ ದಿನ ಶಾಲೆ ನಡೆಸುತ್ತಿದ್ದಾರೆ. ಊರಿನಲ್ಲಿರುವ ಬಂಧುಗಳು 'ಅಮೆರಿಕದಲ್ಲಿ ಶಾಲೆ ಬಹಳ ಸಡಿಲ' ಎಂದರೆ ಈ ಅಂಕಿಗಳನ್ನು ಹೇಳಿ: ನಮ್ಮ ಶಿಕ್ಷಣ ಹಕ್ಕು ಕಾಯಿದೆ ಐದನೆಯ ತರಗತಿಯವರೆಗೆ ಕೇಳುವುದು 200 ದಿನ, 800 ಗಂಟೆ, ಇಲ್ಲಿಯದು 1,260 ಗಂಟೆ. ಊಟದ ಹೊತ್ತು, ಆಟದ ಬಿಡುವು ಎರಡೂ ಇಲ್ಲಿನ ಲೆಕ್ಕದೊಳಗೆ ಬರುತ್ತವೆ ಎಂಬುದನ್ನು ಬೇಕಾದರೆ ಹೇಳದೇ ಇರಬಹುದು.

ಆದರೆ ನಿಮಿಷಗಳ ಈ ಸಡಿಲಿಕೆ ಶಾಲೆಗೆ ಕೊಟ್ಟದ್ದೇ ಹೊರತು ಮಗುವಿಗಲ್ಲ. ಮಗುವಿನ ಹಾಜರಾತಿಗೆ ಬೇರೆಯೇ ಕಲಮುಗಳಿವೆ. ತರಗತಿ ನಡೆದ ದಿನಗಳಲ್ಲಿ ಶೇಕಡ 90ರಷ್ಟು ಮಗು ಹಾಜರಿರಬೇಕು, ಇಲ್ಲವಾದರೆ ಆ ವರ್ಷದ ಅಂತಿಮ ಅಂಕ ಅಥವಾ ದರ್ಜೆ ಕೊಡುವ ಮುನ್ನ ಹಾಜರಾತಿ ಸಮಿತಿಯೋ ಪ್ರಿನ್ಸಿಪಾಲರೋ ನಿರ್ಧರಿಸಬೇಕಾಗುತ್ತದೆ. 172 ದಿನಗಳಿಗೆ ಹದಿನೇಳು ದಿನ ತಪ್ಪಿಸಿಕೊಂಡರೆ ಅಂಚಿಗೆ ಬಂದಂತೆ. ಅದಕ್ಕಿಂತ ಬಿಗಿಯಾದದ್ದು ಇನ್ನೊಂದು. ಒಪ್ಪಿಗೆಯಿಲ್ಲದ ಗೈರುಹಾಜರಿ ನಾಲ್ಕು ವಾರಗಳೊಳಗೆ ಮೂರು ದಿನವಾದರೆ ಪೋಷಕರಿಗೆ ಎಚ್ಚರಿಕೆ ಬರುತ್ತದೆ. ಅದೇ ಶಾಲಾ ವರ್ಷದಲ್ಲಿ ಆರು ತಿಂಗಳೊಳಗೆ ಹತ್ತು ದಿನವಾದರೆ ಪೋಷಕರ ಮೇಲೆ ದೂರು ದಾಖಲಿಸಲು ಅವಕಾಶವಿದೆ, ತಪ್ಪು ಸಾಬೀತಾದರೆ ಮೊದಲ ಸಲಕ್ಕೆ 100 ಡಾಲರ್‌ವರೆಗೆ ದಂಡವಿದೆ. ದಿನದ ಒಂದು ಭಾಗ ತಪ್ಪಿದರೂ ಈ ಎಣಿಕೆಗೆ ಸೇರುತ್ತದೆ. ಶಾಲೆಗಳು ಇಷ್ಟು ನಿಷ್ಠುರವಾಗಿರುವುದಕ್ಕೆ ಹಣದ ಕಾರಣವೂ ಇದೆ, ಏಕೆಂದರೆ ರಾಜ್ಯದ ಅನುದಾನ ನಿಂತಿರುವುದು ಸರಾಸರಿ ದೈನಂದಿನ ಹಾಜರಾತಿಯ ಮೇಲೆ. ದಾಖಲಾತಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಹಾಜರಿ ಹಾಕುವ ಆ ಹೊತ್ತಿಗೆ ಮಗು ಬೆಂಚಿನ ಮೇಲಿರಬೇಕು.

ಶಿವಮೊಗ್ಗದಲ್ಲಿ ಅಣ್ಣನ ಗೃಹಪ್ರವೇಶಕ್ಕೆಂದು ನಾವು ಒಂದು ನವೆಂಬರ್‌ನಲ್ಲಿ ಮಕ್ಕಳನ್ನು ಹದಿನಾಲ್ಕು ದಿನ ಶಾಲೆ ಬಿಡಿಸಿ ಹೋಗಿದ್ದೆವು. ಹೋಗುವ ಮುನ್ನ ಶಾಲೆಗೆ ಇಮೇಲ್ ಬರೆದಿದ್ದೆ. 'ತಿಳಿಸಿದ್ದಕ್ಕೆ ಧನ್ಯವಾದ, ಪ್ರಯಾಣ ಸುಖಕರವಾಗಿರಲಿ' ಎಂದು ಉತ್ತರ ಬಂದಿತ್ತು. ಊರಿನಲ್ಲಿ ಹೆಡ್‌ಮಾಸ್ಟರು 'ಆಗಲಿ, ಹೋಗಿ ಬನ್ನಿ' ಎಂದರೆ ಅದೇ ಅನುಮತಿಯಲ್ಲವೇ? ನಾನೂ ಹಾಗೆಯೇ ಓದಿಕೊಂಡೆ. ಹೋಮದ ಹೊಗೆ ಇನ್ನೂ ಮನೆಯಲ್ಲಿ ಸುತ್ತುತ್ತಿದ್ದಾಗ, ರಾತ್ರಿ ಹತ್ತೂವರೆಯ ಸುಮಾರಿಗೆ, ದಿನವೂ ತಪ್ಪದೆ ಫೋನಿಗೆ ಸಂದೇಶ ಬರುತ್ತಿತ್ತು: ನಿಮ್ಮ ಮಗು ಇಂದು ಗೈರುಹಾಜರಾಗಿದೆ. ಹಿಂದಿರುಗಿದಾಗ ಅಂಚೆಪೆಟ್ಟಿಗೆಯಲ್ಲಿ ಕಾನೂನಿನ ಕಲಮು ನಮೂದಿಸಿದ ಎರಡು ಪತ್ರಗಳಿದ್ದವು, ಮಗುವಿಗೊಂದರಂತೆ. ಪ್ರಿನ್ಸಿಪಾಲರೊಂದಿಗೆ ಕೂತು ಮಾತನಾಡಿ, ತಪ್ಪಿದ ಪಾಠಗಳಿಗೆ ಒಂದು ಯೋಜನೆಗೆ ಸಹಿ ಹಾಕಿ ಬಂದೆವು, ನ್ಯಾಯಾಲಯದವರೆಗೆ ಹೋಗಲಿಲ್ಲ. ಆದರೂ ಆ ಮೇಜಿನ ಈಚೆ ಕೂತ ಇಪ್ಪತ್ತು ನಿಮಿಷ ಹಿತವಾಗಿರಲಿಲ್ಲ.

ಪ್ರಿನ್ಸಿಪಾಲರಿಗೆ ಸಕಾರಣವೆಂದು ಕಂಡರೆ ತಾತ್ಕಾಲಿಕ ಗೈರುಹಾಜರಿಯನ್ನು ಮನ್ನಿಸುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ. ನೀವು ಕೇಳಬೇಕಾದದ್ದು ಅದನ್ನೇ. ಉತ್ತರದಲ್ಲಿ 'ಮನ್ನಿಸಲಾಗಿದೆ' ಎಂಬ ಅರ್ಥದ ಪದ ಸ್ಪಷ್ಟವಾಗಿ ಇರುವಂತೆ ನೋಡಿಕೊಳ್ಳಿ. ಕೆಲವು ಗೈರುಹಾಜರಿಗಳನ್ನು ಶಾಲೆ ಮನ್ನಿಸಲೇಬೇಕು. ಧಾರ್ಮಿಕ ಹಬ್ಬದ ಆಚರಣೆ ಅಂಥದೊಂದು, ಅದಕ್ಕಾಗಿ ಪ್ರಯಾಣ ಮಾಡುವುದಾದರೆ ಹೋಗಲೊಂದು ದಿನ, ಬರಲೊಂದು ದಿನವೂ ಸೇರುತ್ತದೆ. ಯುಗಾದಿಗೂ ದೀಪಾವಳಿಗೂ ನಾವು ಚೀಟಿ ಬರೆದುಕೊಟ್ಟಾಗ ಯಾರೂ ಎರಡನೆಯ ಮಾತಾಡಲಿಲ್ಲ. ವೈದ್ಯರ ಬಳಿ ಹೋಗಿ ಅದೇ ದಿನ ಶಾಲೆಗೆ ಮರಳಿದರೂ ಆ ದಿನ ಹಾಜರಿಯೇ, ಆದ್ದರಿಂದ ದಂತವೈದ್ಯರಲ್ಲಿ ಬಿಲ್ಲಿನೊಡನೆ ಚೀಟಿಯನ್ನೂ ಕೇಳಿ ಪಡೆಯಿರಿ. ಮುಂದೆಂದೋ ಪೌರತ್ವದ ಪ್ರಮಾಣವಚನಕ್ಕೆ ಹೋದರೆ ಅದಕ್ಕೂ ರಜೆಯುಂಟು. ಮದುವೆ ಈ ಪಟ್ಟಿಯಲ್ಲಿಲ್ಲ.

ಕ್ರಿಸ್ಮಸ್ ರಜೆಗೆ ಮದುವೆಯನ್ನು ಮುಂದೂಡಿ ಎಂದು ಇಲ್ಲಿಯ ಸಹೋದ್ಯೋಗಿಗಳು ಸಲಹೆ ಕೊಡುತ್ತಾರೆ. ಅದು ಸರಿಯಾಗಿ ಧನುರ್ಮಾಸದ ನಡುವೆ ಬೀಳುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು. ಬೇಸಿಗೆ ರಜೆ ಹತ್ತು ಹನ್ನೊಂದು ವಾರ ಇರುತ್ತದಾದರೂ ಮಧ್ಯೆ ಆಷಾಢ ಬರುತ್ತದೆ, ಶ್ರಾವಣದ ಮುಹೂರ್ತಗಳು ಕೂಡಿಬರುವಷ್ಟರಲ್ಲಿ ಶಾಲೆಯ ಬಾಗಿಲು ತೆರೆದಿರುತ್ತದೆ. ಕಾನೂನಿನ ಪ್ರಕಾರ ಆಗಸ್ಟ್‌ನ ನಾಲ್ಕನೆಯ ಸೋಮವಾರಕ್ಕೆ ಮುಂಚೆ ತರಗತಿ ಆರಂಭಿಸಬಾರದು, ಆದರೆ 2015ರದೇ ಇನ್ನೊಂದು ಕಾಯಿದೆಯಡಿ ವಿನಾಯಿತಿ ಪಡೆದ ಶಾಲಾ ಜಿಲ್ಲೆಗಳು, ಅಂದರೆ ಒಂದೊಂದು ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು, ಆಗಸ್ಟ್ ಮಧ್ಯದಲ್ಲೇ ಶುರುಮಾಡುತ್ತವೆ. ಆದ್ದರಿಂದ ಪಕ್ಕದ ಊರಿನವರ ಮಾತು ಕೇಳದೆ ನಿಮ್ಮ ಶಾಲಾ ಜಿಲ್ಲೆಯ ಕ್ಯಾಲೆಂಡರನ್ನೇ ನೋಡಿ.

ನಿಮಗಿರುವ ದಾರಿ ನವೆಂಬರ್ ಕೊನೆಯ ಭಾಗದಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ. ಈ ಕಡೆಯ ಬಹಳಷ್ಟು ಶಾಲೆಗಳಿಗೆ ಆ ವಾರ ಪೂರ್ತಿ ರಜೆ. ಅದರ ಹಿಂದಿನ ವಾರವನ್ನೂ ಸೇರಿಸಿಕೊಂಡು, ಆ ವಾರಕ್ಕೆ ಮುಂಚಿನ ಶುಕ್ರವಾರ ಶಾಲೆ ಬಿಟ್ಟ ಸಂಜೆಯೇ ಹೊರಟರೆ ಐದು ದಿನ ಮಾತ್ರ ತಪ್ಪಿ, ಹದಿನಾರು ದಿನ ನಿಮ್ಮ ಕೈಗೆ ಸಿಗುತ್ತವೆ. ಆ ಐದಕ್ಕೆ ಮನ್ನಣೆ ಸಿಗದೆ ಎಚ್ಚರಿಕೆಯ ಪತ್ರ ಬಂದರೂ ಹತ್ತರ ಗೆರೆ ದೂರವೇ ಇರುತ್ತದೆ. ಮುಹೂರ್ತ ಇನ್ನೂ ಗೊತ್ತಾಗಿಲ್ಲವೆಂದು ಬರೆದಿದ್ದೀರಿ, ಶಾಲೆಯ ಕ್ಯಾಲೆಂಡರಿನ ಆ ಪುಟವನ್ನು ಇಂದೇ ನಿಮ್ಮ ತಾಯಿಯವರಿಗೆ ವಾಟ್ಸಾಪ್ ಮಾಡಿ, ಅವರು ಪುರೋಹಿತರಿಗೆ ತೋರಿಸಲಿ. ಹಿಂದಿರುಗಿದ ಸೋಮವಾರ ಬೆಳಗ್ಗೆ ಮಗಳು ನಿದ್ದೆಗಣ್ಣಿನಲ್ಲಿದ್ದರೂ ಕಳಿಸಿಬಿಡಿ. ತರಗತಿಯಲ್ಲಿ ತೂಕಡಿಸಿದರೂ ಪುಸ್ತಕದಲ್ಲಿ ಅದು ಹಾಜರಿಯೇ.